ಸತ್ತ ಮೀನು ನುಡಿಯುವ ಸಾಕ್ಷಿ

ಕೃಷ್ಣೆಯ ಹೊಳೆಸಾಲಿನಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಎರಡು ಪ್ರಶ್ನೆಗಳು ಏಳುತ್ತವೆ. ಹೊಳೆಯಲ್ಲಿ ನೀರು ಇನ್ನೆಷ್ಟು ದಿನ ಬಂದೀತು ಎಂಬುದು ಮೊದಲನೆಯದು. ಇರುವ ನೀರು ಎಂಥದ್ದು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಬ್ಯಾರೇಜಿನ ಅಳತೆಪಟ್ಟಿ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಎಲ್ಲರಿಗಿಂತ ಮೊದಲು ಉತ್ತರ ಹೇಳುವುದು ಮೀನು. ನೀರು ಕೆಟ್ಟರೆ ಅದು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತದೆ. ಇನ್ನೂ ಕೆಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತದೆ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಸಾಂಗಲಿ ಬಳಿ ಕೃಷ್ಣೆಯಲ್ಲಿ ಮೀನುಗಳು ಹೀಗೆಯೇ ರಾಶಿ ರಾಶಿಯಾಗಿ ಸತ್ತು ದಡಕ್ಕೆ ಬಂದಿದ್ದವು. ಅದೇ ನೀರು ಮುಂದೆ ಹರಿದು ಬರುವುದು ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿಗಳ ಕಡೆಗೆ.

ಹೀಗೆ ಮೀನು ಸತ್ತರೆ ಅದು ಯಾರ ಅಪರಾಧ? ಹಿಡಿಯಲೆಂದೇ ನೀರಿಗೆ ವಿಷ ಹಾಕಿದವನನ್ನೂ, ಮೀನಿನ ಗೊಡವೆಯೇ ಇಲ್ಲದೆ ಹೊಲಸು ನೀರನ್ನು ಹೊಳೆಗೆ ಬಿಟ್ಟವನನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುತ್ತದೆಯೇ? ಬಹುಕಾಲ ನೋಡಲಿಲ್ಲ ಎಂಬುದೇ ಉತ್ತರ. ಮೀನಿನ ರಕ್ಷಣೆಗೆಂದು ಸಿಹಿನೀರನ್ನು ಕಾಯುವ ಕಾನೂನು ಇಂಡಿಯಾದಲ್ಲಿ 1897ರಷ್ಟು ಹಿಂದೆಯೇ ಬಂದಿತು. ಆದರೆ ಅದು ಕಾದದ್ದು ಕಳ್ಳನ ಕೈಯನ್ನು, ಗಟಾರದ ಬಾಯನ್ನಲ್ಲ. ಈ ವ್ಯತ್ಯಾಸ ಅಳಿಯಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆ ಕೃಷ್ಣಾ-ಘಟಪ್ರಭಾ ನಡುವಿನ ಈ ಸೀಮೆಯಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ.

ಅರಸರ ಕಾಲದ ಮೀನು

ಮೀನನ್ನು ಕಾಯಬೇಕೆಂಬ ವಿಚಾರ ಬ್ರಿಟಿಷರು ತಂದದ್ದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಅಭಯ ಪಡೆದ ಪ್ರಾಣಿ, ಪಕ್ಷಿ, ಮೀನುಗಳನ್ನು ಕೊಂದವರಿಗೆ ದಂಡ ವಿಧಿಸಲಾಗಿದೆ. ಸಾಮ್ರಾಟ ಅಶೋಕನ ಐದನೆಯ ಸ್ತಂಭ ಶಾಸನ, ಪಟ್ಟವೇರಿದ 26ನೇ ವರ್ಷದಲ್ಲಿ ಹೊರಡಿಸಿದ್ದು, ಕೊಲ್ಲಬಾರದ ಜೀವಿಗಳ ಪಟ್ಟಿಯಲ್ಲಿ ಕೆಲವು ಮೀನುಗಳನ್ನೂ ಸೇರಿಸಿದೆ. ಹುಣ್ಣಿಮೆಯೇ ಮೊದಲಾದ ಕೆಲವು ದಿನಗಳಲ್ಲಿ ಮೀನು ಕೊಲ್ಲುವುದನ್ನಷ್ಟೇ ಅಲ್ಲ, ಮಾರುವುದನ್ನೂ ಅದು ನಿಷೇಧಿಸಿತ್ತು.

ಕನ್ನಡ ನಾಡಿನ ಮಟ್ಟಿಗೆ ಇದಕ್ಕಿಂತ ಕುತೂಹಲದ ದಾಖಲೆ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'. 12ನೇ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಹಾಕಬೇಕು, ಗಾಳ ಹೇಗಿರಬೇಕು ಎಂಬ ವಿವರಗಳನ್ನು ಅರಸನೇ ಬರೆಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1950ರ ಆಸುಪಾಸಿನಲ್ಲಿ ಅಶೋಕನ ಶಾಸನದ ಮೀನುಗಳನ್ನೂ ಮಾನಸೋಲ್ಲಾಸದ ಮೀನುಗಳನ್ನೂ ಅಧ್ಯಯನ ಮಾಡಿ, ಹಳೆಯ ಕಾಲದ ಈ ತಿಳಿವಳಿಕೆ ಎಷ್ಟು ಖಚಿತವಾದದ್ದೆಂದು ತೋರಿಸಿಕೊಟ್ಟರು.

ಆದರೆ ಈ ಎಲ್ಲ ಕಟ್ಟಳೆಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ಅವೆಲ್ಲ ಮೀನು ಹಿಡಿಯುವವನಿಗೆ ಹೇಳಿದ ಮಾತುಗಳು. ಯಾವಾಗ ಹಿಡಿಯಬಾರದು, ಎಲ್ಲಿ ಹಿಡಿಯಬಾರದು, ಯಾವುದನ್ನು ಹಿಡಿಯಬಾರದು ಎಂಬುದಷ್ಟೇ ಅಲ್ಲಿಯ ಕಾಳಜಿ. ಹೊಳೆಯನ್ನೇ ಕೆಡಿಸಬಲ್ಲ ಉದ್ಯಮ ಆಗ ಇರಲಿಲ್ಲ.

ಕಳ್ಳಿಹಾಲು ಮತ್ತು ಇನ್ನೂರು ರೂಪಾಯಿ ದಂಡ

ಬ್ರಿಟಿಷರ ಕಾಲಕ್ಕೆ ದಖ್ಖನಿನ ಮೀನುಗಳು ಮೊದಲು ಗಮನ ಸೆಳೆದದ್ದು ವಿಜ್ಞಾನಿಗಳ ಕಣ್ಣಿಗೆ. ಮುಂಬಯಿ ಸರಕಾರದ ಅಂಕಿಅಂಶ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನಿನ ಮೀನುಗಳನ್ನು ವಿವರಿಸಿದ. ಕೃಷ್ಣೆಯನ್ನು ಸೇರುವ ಭೀಮೆಯ ನೀರುಗಳಲ್ಲಿ ಸಿಕ್ಕ ಮೀನುಗಳಿಗೆ ಆತ ಸ್ಥಳೀಯರು ಕರೆಯುತ್ತಿದ್ದ ಹೆಸರುಗಳನ್ನೇ ಲ್ಯಾಟಿನ್ ಹೆಸರಿನ ಭಾಗವಾಗಿಸಿದ. ಖುಡ್ರಿ, ಕೋಲಸ್, ಮುಸುಲ್ಲಾ, ಪೋಟೈಲ್ ಎಂಬ ಆ ಹೆಸರುಗಳು ಇಂದಿಗೂ ಜಗತ್ತಿನ ವಿಜ್ಞಾನ ಗ್ರಂಥಗಳಲ್ಲಿ ಉಳಿದಿವೆ.

ಮೀನು ಕಡಿಮೆಯಾಗುತ್ತಿದೆ ಎಂಬ ದೂರು ಕೇಳಿಬಂದದ್ದು ಆಮೇಲೆ. ನೀರಾವರಿಯ ಒಡ್ಡುಗಳು ಮೀನಿನ ದಾರಿಗೆ ಅಡ್ಡವಾಗುತ್ತಿವೆ ಎಂದು ಹೇಳಿದವರಲ್ಲಿ ನೀರಾವರಿ ತಜ್ಞ ಸರ್ ಆರ್ಥರ್ ಕಾಟನ್ ಅವರೇ ಇದ್ದರೆಂಬುದು ವಿಶೇಷ. ಸರಕಾರ ಈ ವಿಚಾರಣೆಯನ್ನು ವೈದ್ಯಾಧಿಕಾರಿ ಫ್ರಾನ್ಸಿಸ್ ಡೇ ಅವರಿಗೆ ವಹಿಸಿತು. 1873ರಲ್ಲಿ ಪ್ರಕಟವಾದ ಅವರ ವರದಿ ಇಂಡಿಯಾ ಮತ್ತು ಬರ್ಮಾಗಳ ಸಿಹಿನೀರಿನ ಮೀನುಗಾರಿಕೆಯನ್ನು ಕುರಿತದ್ದು. ಸಣ್ಣ ಕಣ್ಣಿನ ಬಲೆ, ಮರಿಗಳ ಬೇಟೆ, ಒಡ್ಡುಗಳಲ್ಲಿ ಕಟ್ಟುವ ಬೋನು, ನೀರಿಗೆ ವಿಷ ಹಾಕುವುದು ಇವೆಲ್ಲ ಅದರಲ್ಲಿ ಚರ್ಚೆಯಾದವು.

ವಿಷವೆಂದರೆ ಅಂಗಡಿಯಲ್ಲಿ ಕೊಂಡು ತಂದದ್ದೇ ಆಗಬೇಕಿರಲಿಲ್ಲ. ಬಯಲುಸೀಮೆಯ ಬೇಲಿಯಲ್ಲಿ ಬೆಳೆಯುವ ಕಳ್ಳಿಯ ಹಾಲು ಸಾಕು. ಕಾರೆಕಾಯಿಯನ್ನು ಜಜ್ಜಿ ಹಾಕಿದರೂ ಆದೀತು. ಬೇಸಿಗೆಯಲ್ಲಿ ಹೊಳೆ ಹರಿಯುವುದು ನಿಂತು ಮಡುಗಳಾಗಿ ಒಡೆದಾಗ, ಮಡುವಿನ ನೀರಿಗೆ ಇದನ್ನು ಬೆರೆಸಿದರೆ ಮೀನಿಗೆ ಅಮಲೇರಿ ತೇಲುತ್ತದೆ. ದೊಡ್ಡದನ್ನು ಆಯ್ದುಕೊಂಡ ಮೇಲೆ ಉಳಿದ ಮರಿಗಳೆಲ್ಲ ಅಲ್ಲೇ ಸಾಯುತ್ತವೆ. ಮುಂದಿನ ವರ್ಷದ ಬೀಜವೇ ನಾಶವಾಗುತ್ತದೆ. ಕಲ್ಲುಗಣಿಗಳಿಗೆ ಡೈನಮೈಟ್ ಬಂದ ಮೇಲೆ ಈ ಹಾಳು ಇನ್ನೂ ಸುಲಭವಾಯಿತು.

ಇದನ್ನು ತಡೆಯಲೆಂದೇ 1897ರ ಫೆಬ್ರವರಿಯಲ್ಲಿ ಇಂಡಿಯನ್ ಫಿಶರೀಸ್ ಕಾಯ್ದೆ ಜಾರಿಗೆ ಬಂದಿತು. ಅದರ 4ನೇ ಕಲಮು ಸಿಡಿಮದ್ದಿಗೆ ಸಂಬಂಧಿಸಿದ್ದು. 5ನೇ ಕಲಮು ನೀರಿಗೆ ವಿಷ, ಸುಣ್ಣ ಅಥವಾ ಬೇರೆ ಹಾನಿಕರ ವಸ್ತು ಹಾಕುವುದನ್ನು ಅಪರಾಧ ಮಾಡಿತು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಅಂದಿನ 200 ರೂಪಾಯಿ ಸಣ್ಣ ಮೊತ್ತವಲ್ಲ. ಕಣ್ಣೆದುರೇ ಅಪರಾಧ ಮಾಡುವವನು ಹೆಸರು ವಿಳಾಸ ಹೇಳದಿದ್ದರೆ ವಾರಂಟಿಲ್ಲದೆ ಹಿಡಿಯುವ ಅಧಿಕಾರವೂ ಪೊಲೀಸರಿಗಿತ್ತು.

ಆದರೆ 5ನೇ ಕಲಮಿನಲ್ಲಿ ಒಂದು ಶಬ್ದ ಬಾಗಿಲಿಗೆ ಅಗುಳಿ ಹಾಕಿದಂತೆ ಕುಳಿತಿದೆ. ಅದು 'ಉದ್ದೇಶ'. ಮೀನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ವಿಷ ಹಾಕಿದ್ದರೆ ಮಾತ್ರ ಅಪರಾಧ. ಬಣ್ಣ ತೊಳೆದ ನೀರು, ತೊಗಲು ಹದ ಮಾಡಿದ ನೀರು, ಗಿರಣಿಯ ನೀರು ಹೊಳೆ ಸೇರಿ ಸಾವಿರ ಮೀನು ಸತ್ತರೂ ಅಲ್ಲಿ ಮೀನು ಕೊಲ್ಲುವ ಉದ್ದೇಶ ಯಾರದ್ದೂ ಅಲ್ಲ. ಆದ್ದರಿಂದ ಅಪರಾಧವೂ ಇಲ್ಲ. ಒಂದು ಮಡುವಿಗೆ ಕಳ್ಳಿಹಾಲು ಹಾಕಿದ ಬಡವ ಸೆರೆಮನೆಗೆ ಹೋಗಬಹುದಿತ್ತು. ಇಡೀ ಹೊಳೆಯನ್ನು ಕೆಡಿಸಿದವ ಈ ಕಾನೂನಿನ ಕೈಗೆ ಸಿಗುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಒಂದು, ಇಲ್ಲಿ ಇನ್ನೊಂದು

ಕಾನೂನು ಬರೆದವರಿಗೆ ಈ ಎರಡನೆಯ ಬಗೆಯ ಹಾನಿ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1861ರಲ್ಲೇ ಸಾಲ್ಮನ್ ಮೀನುಗಾರಿಕೆ ಕಾಯ್ದೆ ಬಂದಿತ್ತು. ಸಾಲ್ಮನ್ ಮೀನಿರುವ ನೀರಿಗೆ, ಮೀನು ಸಾಯುವಷ್ಟರ ಮಟ್ಟಿಗೆ ಹಾನಿಕರವಾದ ದ್ರವ ಅಥವಾ ಘನ ವಸ್ತು ಬಿಡುವುದನ್ನು ಆ ಕಾಯ್ದೆ ನಿಷೇಧಿಸಿತು. ಅಲ್ಲಿ ಮೀನು ಹಿಡಿಯುವ ಉದ್ದೇಶವನ್ನು ಸಾಧಿಸಿ ತೋರಿಸಬೇಕಾಗಿರಲಿಲ್ಲ. ಹಾನಿ ತಡೆಯಲು ತಕ್ಕ ಖರ್ಚಿನಲ್ಲಿ ಸಾಧ್ಯವಿದ್ದ ಉಪಾಯವನ್ನೆಲ್ಲ ಮಾಡಿದ್ದೆನೆಂದು ತೋರಿಸಿ ಕಾರ್ಖಾನೆಯವನು ಪಾರಾಗಬಹುದಿತ್ತು ನಿಜ. ಆದರೂ ಹೊಣೆ ಗಟಾರದ ಬಾಯಿಯವರೆಗೆ ಬಂದು ನಿಂತಿತ್ತು. 1876ರಲ್ಲಿ ನದಿ ಮಾಲಿನ್ಯ ತಡೆಗೆ ಅಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು.

ಇದಾದ 36 ವರ್ಷಗಳ ಮೇಲೆ ಇಂಡಿಯಾದ ಮೀನಿಗೆ ಬಂದ ಕಾನೂನಿನಲ್ಲಿ ಆ ಅಂಶ ಇರಲಿಲ್ಲ. ಇಂಗ್ಲೆಂಡಿನ ಸಾಲ್ಮನ್ ಜಮೀನುದಾರರ ಗಾಳಕ್ಕೆ ಬೀಳುವ ಮೀನು. ಅದರ ಪರವಾಗಿ ಮಾತನಾಡಲು ಪಾರ್ಲಿಮೆಂಟಿನಲ್ಲಿ ಜನರಿದ್ದರು. ಕೃಷ್ಣೆಯ ಮೀನು ಅಂಬಿಗರ, ಬೆಸ್ತರ, ಕಬ್ಬಲಿಗರ ಬುಟ್ಟಿಯ ಮೀನು. ಅವರ ಮಾತು ಕಲೆಕ್ಟರ ಕಚೇರಿಯವರೆಗೂ ಹೋಗುವುದು ಕಷ್ಟವಿತ್ತು.

1860ರ ಇಂಡಿಯನ್ ಪೀನಲ್ ಕೋಡಿನಲ್ಲೂ ನೀರು ಕೆಡಿಸುವುದಕ್ಕೆ ಒಂದು ಕಲಮು ಇತ್ತು. 277ನೇ ಕಲಮಿನ ಪ್ರಕಾರ ಸಾರ್ವಜನಿಕ ಚಿಲುಮೆ ಅಥವಾ ಜಲಾಶಯದ ನೀರನ್ನು ಕೆಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇಲ್ಲಿ ಇನ್ನೊಂದು ತೊಡಕು. ನಿರಂತರ ಹರಿಯುವ ಹೊಳೆಯನ್ನು 'ಚಿಲುಮೆ' ಎನ್ನಲಾಗದೆಂದು ಮದ್ರಾಸು, ಮುಂಬಯಿ ಹೈಕೋರ್ಟುಗಳು ಹಿಂದೆಯೇ ಅರ್ಥೈಸಿದ್ದವು. ಹೀಗಾಗಿ ಊರ ಬಾವಿಗೆ ಸಿಕ್ಕ ರಕ್ಷಣೆ ಹೊಳೆಗೆ ಸಿಗಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ಕಲಮು 279 ಎಂಬ ಸಂಖ್ಯೆಯಲ್ಲಿ ಮುಂದುವರಿದಿದೆ. ಶಿಕ್ಷೆ ಆರು ತಿಂಗಳಿಗೆ, ದಂಡ 5,000 ರೂಪಾಯಿಗೆ ಏರಿದೆ. 'ಚಿಲುಮೆ ಅಥವಾ ಜಲಾಶಯ' ಎಂಬ ಮಾತು ಮಾತ್ರ ಹಾಗೆಯೇ ಇದೆ.

ಹೊಳೆ ಒಂದು, ಆಡಳಿತ ನಾಲ್ಕು

1897ರ ಕಾಯ್ದೆಗೆ ಇನ್ನೂ ಒಂದು ಮಿತಿಯಿತ್ತು. ಅದು ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಈಗಿನ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಇದರ ಅರ್ಥ ಏನಾಯಿತೆಂಬುದನ್ನು ನೋಡಬೇಕು.

ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಬನಹಟ್ಟಿಯೂ ಅದಕ್ಕೇ ಸೇರಿತ್ತು. ಬನಹಟ್ಟಿಗೆ ಹೊಂದಿಕೊಂಡೇ ಇರುವ ರಬಕವಿ ಮಾತ್ರ ಸಾಂಗಲಿ ಸಂಸ್ಥಾನದ್ದು. ಘಟಪ್ರಭೆಯ ದಂಡೆಯ ಮುಧೋಳ ಘೋರ್ಪಡೆಯವರದು. ಈ ಮೂರೂ ಸಂಸ್ಥಾನಗಳನ್ನು ದಾಟಿ ನೀರು ಕೆಳಗೆ ಬಂದರೆ ಬೀಳಗಿ. ಅದು ಬ್ರಿಟಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯ ಭಾಗ. ರಬಕವಿಯ ಎದುರಿಗೆ ಹೊಳೆಯಾಚೆಯ ಅಥಣಿ ತಾಲೂಕು ಕೂಡ ಬ್ರಿಟಿಷರದೇ, ಬೆಳಗಾವಿ ಜಿಲ್ಲೆಯದು.

ಅಂದರೆ ಒಂದೇ ಹೊಳೆಯಲ್ಲಿ ಈಜುವ ಮೀನು ಅರ್ಧ ದಿನದಲ್ಲಿ ಎರಡು ಮೂರು ರಾಜ್ಯಗಳನ್ನು ದಾಟುತ್ತಿತ್ತು. ಬೀಳಗಿಯ ಮಡುವಿಗೆ ವಿಷ ಹಾಕಿದರೆ ಬ್ರಿಟಿಷ್ ಕಾಯ್ದೆಯ ಪ್ರಕಾರ ಅಪರಾಧ. ಜಮಖಂಡಿ ಅಥವಾ ಮುಧೋಳದ ಎಲ್ಲೆಯೊಳಗೆ ಅದೇ ಕೆಲಸ ಮಾಡಿದರೆ ಆ ಕಾಯ್ದೆ ತಾನಾಗಿ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಸಂಸ್ಥಾನಿಕರ ಹುಕುಂ. ವಿಷ ಬೆರೆತ ನೀರಿಗಾಗಲಿ, ಸತ್ತು ತೇಲಿಹೋಗುವ ಮೀನಿಗಾಗಲಿ ಗಡಿಕಲ್ಲು ಕಾಣಿಸುವುದಿಲ್ಲ. ಮೇಲಿನವರ ತಪ್ಪು ಕೆಳಗಿನವರ ಬಲೆಗೆ ಬಂದು ಬೀಳುತ್ತಿತ್ತು.

ಇನ್ನೊಂದು ಕಾಕತಾಳೀಯವೂ ಇಲ್ಲಿದೆ. ಮೀನಿನ ಕಾಯ್ದೆ ಬಂದ 1897ರಲ್ಲೇ ಘಟಪ್ರಭೆಗೆ ಗೋಕಾಕದ ಬಳಿ ಧೂಪದಾಳದ ಒಡ್ಡು ಸಿದ್ಧವಾಯಿತು. ಮೀನನ್ನು ಕಾಯುವ ಕಾನೂನೂ, ಹೊಳೆಯನ್ನು ಕಟ್ಟುವ ಕಾಮಗಾರಿಯೂ ಒಂದೇ ವರ್ಷ ಬಂದವು. ಮುಂದಿನ ಶತಮಾನದಲ್ಲಿ ಗೆದ್ದದ್ದು ಯಾವುದೆಂದು ಹೇಳಬೇಕಾಗಿಲ್ಲ.

1948ರ ಮಾರ್ಚಿನಲ್ಲಿ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು. ನಾಲ್ಕು ಆಡಳಿತಗಳ ಹೊಳೆಸಾಲು ಕೊನೆಗೂ ಒಂದು ಆಡಳಿತದ ಕೆಳಗೆ ಬಂದಿತು. ಅಷ್ಟು ಹೊತ್ತಿಗೆ ಹೊಳೆಯ ಸ್ವರೂಪವೇ ಬದಲಾಗತೊಡಗಿತ್ತು.

ಬಣ್ಣದ ನೀರು, ಕಬ್ಬಿನ ನೀರು

ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗದ ಜತೆಗೆ ವಿದ್ಯುತ್ ಮಗ್ಗಗಳು ಬಂದವು, ಗಿಡಮೂಲದ ಬಣ್ಣಗಳ ಜಾಗಕ್ಕೆ ರಾಸಾಯನಿಕ ಬಣ್ಣಗಳು ಬಂದವು. ನೂಲಿಗೆ ಬಣ್ಣ ಹಾಕುವವರಲ್ಲಿ ಬಹುಪಾಲು ಸಣ್ಣ ಬಂಡವಾಳದವರು. ಬಣ್ಣದ ನೀರನ್ನು ಶುದ್ಧ ಮಾಡುವ ಯಂತ್ರ ಒಬ್ಬೊಬ್ಬರಿಗೂ ಎಟುಕುವಂಥದ್ದಲ್ಲ.

ಇನ್ನೊಂದೆಡೆ ಕಬ್ಬು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ, ಶ್ರಮ ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ದೇಶವೇ ತಿರುಗಿ ನೋಡಿದ ಆ ಸಾಹಸ ಬರಗಾಲದ ನೆಲಕ್ಕೆ ನೀರು ಕೊಟ್ಟಿತು. ಹಿಪ್ಪರಗಿ ಬ್ಯಾರೇಜು, ಆಲಮಟ್ಟಿಯ ಹಿನ್ನೀರು ಆಮೇಲೆ ಬಂದವು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಸಕ್ಕರೆ ಕಾರ್ಖಾನೆಗಳು ಬಂದವು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಇಂದಿನ ಬದುಕು ನಿಂತಿರುವುದೇ ಇದರ ಮೇಲೆ.

ಇದರಲ್ಲಿ ಮೀನಿಗೆ ಏನು ತೊಂದರೆ? ಸಕ್ಕರೆಯಂಶವಿರುವ ತ್ಯಾಜ್ಯ ನೀರು ಮನುಷ್ಯರಿಗೆ ವಿಷದಂತೆ ಕಾಣುವುದಿಲ್ಲ. ಆದರೆ ಅದು ಹೊಳೆ ಸೇರಿದರೆ ಸೂಕ್ಷ್ಮಾಣುಗಳಿಗೆ ಹಬ್ಬ. ಅವು ಆ ಸಕ್ಕರೆಯನ್ನು ತಿಂದು ಕರಗಿಸುವಾಗ ನೀರಿನೊಳಗಿನ ಆಮ್ಲಜನಕವನ್ನು ಬಳಸುತ್ತವೆ. ಬಿ.ಒ.ಡಿ. ಎಂಬ ಅಳತೆ ಹೇಳುವುದು ಇದನ್ನೇ: ಹೊಲಸನ್ನು ಕರಗಿಸಲು ಎಷ್ಟು ಆಮ್ಲಜನಕ ಬೇಕಾದೀತು ಎಂಬುದನ್ನು. 30 ಡಿಗ್ರಿ ಬಿಸಿಯ ಶುದ್ಧ ನೀರು ಕೂಡ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಮೀನು ನೆಮ್ಮದಿಯಾಗಿರಲು ಕನಿಷ್ಠ ನಾಲ್ಕು ಮಿಲಿಗ್ರಾಂ ಬೇಕು. ನಡುವೆ ಇರುವ ಅಂತರ ಮೂರೂವರೆ ಮಿಲಿಗ್ರಾಂ ಮಾತ್ರ.

ಕಬ್ಬು ನುರಿಸುವ ಹಂಗಾಮು ಚಳಿಗಾಲದಿಂದ ಬೇಸಿಗೆಯ ಬಾಗಿಲವರೆಗೆ. ಹೊಳೆ ಸೊರಗುವುದೂ ಅದೇ ಹೊತ್ತಿಗೆ. ಮಳೆಗಾಲದಲ್ಲಿ ಕೃಷ್ಣೆ ಕೊಚ್ಚಿಕೊಂಡು ಹೋಗಬಹುದಾದ ಹೊಲಸು ಮಾರ್ಚಿನಲ್ಲಿ ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ ಕೂತುಬಿಡುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಬೆಳಗಿನ ಜಾವದ ಹೊತ್ತಿಗೆ ನೀರು ತೀರ ಬಡವಾಗುತ್ತದೆ. ಮೀನು ಆ ಹೊತ್ತಿನಲ್ಲೇ ಮೇಲೆ ಬಂದು ಬಾಯಿ ಬಿಡುವುದಕ್ಕೆ ಕಾರಣ ಇದು. ಪಟ್ಟಣಗಳ ಒಳಚರಂಡಿ ನೀರೂ ಇದೇ ಕೆಲಸ ಮಾಡುತ್ತದೆ. ಕಾರ್ಖಾನೆಯೊಂದರ ಮೇಲೆಯೇ ಎಲ್ಲ ತಪ್ಪು ಹೊರಿಸುವಂತಿಲ್ಲ.

1974ರ ತಿರುವು

ಈ ಬಗೆಯ ಹಾನಿಯನ್ನು ಕಾನೂನು ಮೊದಲ ಬಾರಿಗೆ ನೇರವಾಗಿ ನೋಡಿದ್ದು 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯಲ್ಲಿ. ನೀರು ರಾಜ್ಯಗಳ ವಿಷಯವಾದ್ದರಿಂದ, ರಾಜ್ಯಗಳು ಗೊತ್ತುವಳಿ ಮಾಡಿ ಕೇಳಿಕೊಂಡ ಮೇಲೆ ಸಂಸತ್ತು ಈ ಕಾಯ್ದೆ ಮಾಡಿತು. ಹಾಗೆ ಮೊದಲೇ ಕೇಳಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯದ ಮಂಡಳಿಯೂ ರಚನೆಯಾಯಿತು. ಕೃಷ್ಣೆ ಹುಟ್ಟುವ ಮಹಾರಾಷ್ಟ್ರ 1969ರಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆಗೆ ಅದು ಬಂದದ್ದು ಆಮೇಲೆ.

ಈ ಕಾಯ್ದೆಯಲ್ಲಿ ಮೀನಿನ ಹೆಸರು ಎದ್ದು ಕಾಣುವುದಿಲ್ಲ. ಆದರೆ 'ಮಾಲಿನ್ಯ' ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ ಮನುಷ್ಯರ ಆರೋಗ್ಯ, ವ್ಯವಸಾಯ, ಉದ್ಯಮಗಳ ಜತೆಗೆ ಜಲಚರಗಳ ಜೀವ ಮತ್ತು ಆರೋಗ್ಯಕ್ಕೆ ಆಗುವ ಹಾನಿಯೂ ಸೇರಿದೆ. ಹರಿಯುವ ಹೊಳೆಯಷ್ಟೇ ಅಲ್ಲ, ಸದ್ಯಕ್ಕೆ ಒಣಗಿರುವ ಹಳ್ಳವೂ ಅದರ ವ್ಯಾಪ್ತಿಗೆ ಬರುತ್ತದೆ. ಬೇಸಿಗೆಯಲ್ಲಿ ಬತ್ತುವ ಬಯಲುಸೀಮೆಯ ಹಳ್ಳಗಳಿಗೆ ಈ ಮಾತು ಬಹು ಮುಖ್ಯ. ಹಳೆಯ 'ಚಿಲುಮೆ'ಯ ತೊಡಕು ಇಲ್ಲಿ ಕಳಚಿತು.

ಅದಕ್ಕಿಂತ ದೊಡ್ಡ ಬದಲಾವಣೆ 24ನೇ ಕಲಮಿನದು. ಮೀನು ಹಿಡಿಯುವ 'ಉದ್ದೇಶ' ಇರಬೇಕಾಗಿಲ್ಲ. 'ತಿಳಿದೂ' ಹೊಲಸನ್ನು ಹೊಳೆಗೆ ಬಿಟ್ಟರೆ, ಬಿಡಲು ಆಸ್ಪದ ಕೊಟ್ಟರೆ ಸಾಕು. ಶಿಕ್ಷೆಯನ್ನು ಆರು ವರ್ಷದವರೆಗೆ ಸೆರೆ ಎಂದು ಇಡಲಾಯಿತು. ಎರಡು ತಿಂಗಳ ಸೆರೆ, 200 ರೂಪಾಯಿ ದಂಡದಿಂದ ಇದು ಬಹಳ ದೂರ.

ಮುಂದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ಬಳಕೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿತು. ನಾಲ್ಕನೆಯದಾದ 'ಡಿ' ದರ್ಜೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ಮೀಸಲು. ಲೀಟರಿಗೆ ಕನಿಷ್ಠ ನಾಲ್ಕು ಮಿಲಿಗ್ರಾಂ ಆಮ್ಲಜನಕ ಇರಬೇಕು, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು ಎಂಬುದು ಅದರ ಅಳತೆ. ಅಶೋಕನ ಶಾಸನದಲ್ಲಿ ದಿನಗಳ ಲೆಕ್ಕವಾಗಿದ್ದ ಮೀನಿನ ರಕ್ಷಣೆ ಇಲ್ಲಿ ಮಿಲಿಗ್ರಾಮಿನ ಲೆಕ್ಕವಾಯಿತು. ಸಕ್ಕರೆ ಕಾರ್ಖಾನೆಗಳಿಗೂ ಒಂದು ಟನ್ ಕಬ್ಬಿಗೆ ಒಟ್ಟು 200 ಲೀಟರಿಗಿಂತ ಹೆಚ್ಚು ತ್ಯಾಜ್ಯ ನೀರು ಬಿಡಬಾರದೆಂಬ ನಿಯಮ 2016ರಲ್ಲಿ ಬಂದಿದೆ.

ವಿಷ ಹಾಕಿ ಮೀನು ಹಿಡಿಯುವ ಹಳೆಯ ಅಪರಾಧ ಇದರಿಂದ ಮರೆಯಾಗಲಿಲ್ಲ. ಕಳ್ಳಿಹಾಲಿನ ಜಾಗಕ್ಕೆ ಕೀಟನಾಶಕ ಬಂತು. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಆಶ್ರಯದಲ್ಲಿದ್ದ ಕಪಿಲಾ ಹೊಳೆಯ ಮೀನುಗಳನ್ನು 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿ ಕೊಂದರು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಲಾಗಿದೆ. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕೆಂದು ಕರ್ನಾಟಕ ರೂಪಿಸಿದ ಸ್ವಂತ ಕಾಯ್ದೆಯೂ 1996ರದ್ದೇ.

ಸಾಕ್ಷಿ ಕೊಳೆಯುವ ಮುನ್ನ

ಕಾನೂನು ಇದ್ದರೂ ಮೀನು ಏಕೆ ಸಾಯುತ್ತದೆ? ಕರ್ನಾಟಕದಲ್ಲಿ ಇದಕ್ಕೆ ಮೊದಲ ದೊಡ್ಡ ಪಾಠ ಸಿಕ್ಕಿದ್ದು ತುಂಗಭದ್ರೆಯಲ್ಲಿ. 1980ರ ದಶಕದಲ್ಲಿ ಹರಿಹರದ ಕೆಳಗಿನ ಹಳ್ಳಿಗಳಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತಾಗ ಮೀನುಗಾರರೂ ರೈತರೂ ಕೂಡಿ ದನಿಯೆತ್ತಿದರು. ಮೀನಿನ ಸಾವು ಮೀನುಗಾರರ ಮನೆಯ ವಿಷಯವಾಗಿ ಉಳಿಯದೆ ಊರಿನ ವಿಷಯವಾದದ್ದು ಆಗ. ಆದರೆ ಕಾರಣ ಮತ್ತು ಕಾರಣಕರ್ತರನ್ನು ಕಾನೂನಿನ ಮುಂದೆ ಸಾಧಿಸಿ ತೋರಿಸುವುದು ಎಷ್ಟು ಕಷ್ಟವೆಂಬುದೂ ಆಗಲೇ ಗೊತ್ತಾಯಿತು.

ಕಷ್ಟ ಇರುವುದು ಸಾಕ್ಷಿಯಲ್ಲಿ. 1974ರ ಕಾಯ್ದೆಯ ಪ್ರಕಾರ ತ್ಯಾಜ್ಯ ನೀರಿನ ಮಾದರಿಯನ್ನು ಅಧಿಕಾರಿಗಳು ಗೊತ್ತುಪಡಿಸಿದ ರೀತಿಯಲ್ಲೇ ತೆಗೆಯಬೇಕು. ಜಾಗದ ವಹಿವಾಟುದಾರನಿಗೆ ತಿಳಿಸಬೇಕು, ಅವನೆದುರಿಗೆ ಎರಡು ಭಾಗ ಮಾಡಿ ಮೊಹರು ಹಾಕಬೇಕು. ಇಲ್ಲದಿದ್ದರೆ ಕೋರ್ಟಿನಲ್ಲಿ ಆ ಮಾದರಿ ನಿಲ್ಲುವುದಿಲ್ಲ. ಅಂಬಿಗನೊಬ್ಬ ಬೆಳಗಿನ ಜಾವ ಬಾಟಲಿಯಲ್ಲಿ ತುಂಬಿಟ್ಟ ನೀರಿಗೆ ಈ ಬೆಲೆ ಇಲ್ಲ. ನಾಗರಿಕರು ತಾವೇ ಕೋರ್ಟಿಗೆ ಹೋಗಬೇಕೆಂದರೆ ಮಂಡಳಿಗೆ 60 ದಿನ ಮೊದಲು ನೋಟಿಸು ಕೊಡಬೇಕು. ಬೇಸಿಗೆಯಲ್ಲಿ ಸತ್ತ ಮೀನು ಎರಡು ದಿನವೂ ತಡೆಯುವುದಿಲ್ಲ. ಹೊಲಸು ನೀರು ಅಷ್ಟರಲ್ಲಿ ಮುಂದಿನ ಬ್ಯಾರೇಜು ದಾಟಿರುತ್ತದೆ.

2010ರಲ್ಲಿ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಇಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟಿತು. ಮಾಲಿನ್ಯದಿಂದ ನಷ್ಟವಾದವರು ಐದು ವರ್ಷದೊಳಗೆ ಪರಿಹಾರ ಕೇಳಬಹುದು. ಕೆಡಿಸಿದವರೇ ವೆಚ್ಚ ಭರಿಸಬೇಕೆಂಬ ತತ್ವವನ್ನು ನ್ಯಾಯಮಂಡಳಿ ಪಾಲಿಸಬೇಕು. ಅವಘಡವಾದಾಗ ತಪ್ಪು ಯಾರದೆಂದು ಸಾಧಿಸದೆಯೂ ಹೊಣೆ ಹೊರಿಸಬಹುದು. 1897ರಲ್ಲಿ 'ಉದ್ದೇಶ', 1974ರಲ್ಲಿ 'ತಿಳಿವು', 2010ರಲ್ಲಿ 'ಹೊಣೆ'. ಕಾನೂನು ನಡೆದು ಬಂದ ದಾರಿ ಈ ಮೂರು ಶಬ್ದಗಳಲ್ಲಿದೆ.

ಆದರೆ ದಾರಿ ಒಂದೇ ದಿಕ್ಕಿಗೆ ಸಾಗಿಲ್ಲ. 2024ರಲ್ಲಿ ಸಂಸತ್ತು ಜಲ ಕಾಯ್ದೆಗೆ ತಿದ್ದುಪಡಿ ತಂದು, ಹೊಳೆಗೆ ಹೊಲಸು ಬಿಡುವುದಕ್ಕೆ ಇದ್ದ ಸೆರೆವಾಸವನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನಿಟ್ಟಿತು. ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸುವ ಈ ತಿದ್ದುಪಡಿ, ಬೇರೆ ರಾಜ್ಯಗಳಲ್ಲಿ ಅವುಗಳ ಶಾಸನಸಭೆ ಒಪ್ಪಿದರೆ ಮಾತ್ರ ಜಾರಿಯಾಗುತ್ತದೆ. ಸೆರೆಯ ಭಯವಿದ್ದರೂ ಶಿಕ್ಷೆಯಾದದ್ದು ಅಪರೂಪ, ದಂಡವಾದರೆ ಬೇಗ ವಸೂಲಾದೀತು ಎಂಬುದು ತಿದ್ದುಪಡಿಯ ಪರ ವಾದ. ದೊಡ್ಡ ಉದ್ಯಮಕ್ಕೆ ದಂಡವೆಂಬುದು ಖರ್ಚಿನ ಇನ್ನೊಂದು ಬಾಬ್ತು ಆದೀತೆಂಬುದು ವಿರೋಧದ ವಾದ. ಎರಡರಲ್ಲೂ ಹುರುಳಿದೆ.

ಗಡಿಯ ಸಮಸ್ಯೆಯೂ ಪೂರ್ತಿ ಮುಗಿದಿಲ್ಲ. ಕೇಂದ್ರ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಮಲಿನ ನದಿಭಾಗಗಳಲ್ಲಿ ಕರ್ನಾಟಕದ 17 ಇದ್ದವು. ಅವುಗಳಲ್ಲಿ ಕೃಷ್ಣೆಯದು ಯಡೂರವಾಡಿಯಿಂದ ತಿಂಥಣಿ ಸೇತುವೆಯವರೆಗೆ. ರಬಕವಿ, ಜಮಖಂಡಿ, ಬೀಳಗಿಗಳ ಹೊಳೆಸಾಲು ಇದರೊಳಗೇ ಬರುತ್ತದೆ. ಯಡೂರಿಗಿಂತ ಮೇಲೆ ಹೊಳೆ ಮಹಾರಾಷ್ಟ್ರದ್ದು. ಅಲ್ಲಿ ಮೀನು ಸತ್ತರೆ ದೂರು ಹೋಗುವುದು ಹಸಿರು ನ್ಯಾಯಮಂಡಳಿಯ ಪುಣೆ ಪೀಠಕ್ಕೆ. ಕೆಲವೇ ಮೈಲು ಕೆಳಗೆ ಸತ್ತರೆ ಚೆನ್ನೈ ಪೀಠಕ್ಕೆ. ಸಂಸ್ಥಾನಗಳ ಕಾಲದ ಗಡಿಕಲ್ಲುಗಳು ಹೋದವು, ಅವುಗಳ ನೆರಳು ಇನ್ನೂ ನೀರಿನ ಮೇಲಿದೆ.

ಹೊಳೆಯ ಮೀನನ್ನೇ ನಂಬಿ ಬದುಕುವ ಮನೆಗಳಿಗೆ ಇದೆಲ್ಲ ದೂರದ ಮಾತಲ್ಲ. ಬೆಳೆ ಹಾಳಾದರೆ ತಲಾಟಿ ಬಂದು ಪಂಚನಾಮೆ ಮಾಡುವ ಪದ್ಧತಿಯಿದೆ. ಹೊಳೆಯಲ್ಲಿ ಮೀನು ಸತ್ತ ದಿನವೇ, ಅದು ಕೊಳೆಯುವ ಮುನ್ನ, ನೀರಿನ ಮಾದರಿ ತೆಗೆದು ಮೊಹರು ಹಾಕುವವರು ತಾಲೂಕಿನಲ್ಲೇ ಸಿಗುವಂತಾದರೆ 1974ರ ಕಾಯ್ದೆಗೆ ಅರ್ಧ ಜೀವ ಬಂದಂತೆ. ಕಾನೂನು ಮೀನನ್ನು ಕದ್ದ ಮಾಲಿನಂತೆ ನೋಡುತ್ತಿದ್ದ ಕಾಲ ಹೋಗಿದೆ. ಈಗ ಅದು ಹೊಳೆಯ ಪರವಾಗಿ ನುಡಿಯುವ ಸಾಕ್ಷಿ. ಅದೇ ನೀರನ್ನು ಕೆಳಗಿನ ಊರುಗಳ ಜನ ಕುಡಿಯುತ್ತಾರೆ ಎಂಬುದನ್ನು ನೆನೆದರೆ, ಆ ಸಾಕ್ಷಿ ನುಡಿಯುವುದು ಮೀನಿನ ಸಲುವಾಗಿ ಮಾತ್ರವಲ್ಲ ಎಂಬುದು ಗೊತ್ತಾಗುತ್ತದೆ.